ಯಾರು ಕೆಮ್ಮಿದ್ದು?

ಜನವರಿ ೧೬

ಪ್ರೀತಿಯ ಪುಟ್ಟಿ,

ನೀನು, ನಿನ್ನ ಯಜಮಾನರು, ಮಕ್ಕಳಿಬ್ಬರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರ ಬರೆಯುತ್ತಿರುವುದಕ್ಕೆ ಕೋಪ ಮಾಡಿಕೊಳ್ಳಬೇಡ. ನೀನು ಫೋನ್ ಮಾಡಿದಾಗಲೆಲ್ಲ ನಿನ್ನ ಭಾವನೇ ಎತ್ತಿಕೊಂಡು "ಮಲಗಿದ್ದಾಳೆ" ಎನ್ನುತ್ತಿದ್ದರಲ್ಲ, ನಾನು ಮಲಗಿರಲಿಲ್ಲ ಕಣೇ. ಪಕ್ಕದಲ್ಲೇ ಕೂತು ಕೈಸನ್ನೆ ಮಾಡುತ್ತಿದ್ದೆ. ಎರಡು ಮಾತು ಆಡುವಷ್ಟರಲ್ಲಿ ಕೆಮ್ಮು ಬರುತ್ತದೆ. ನೀನು ಆ ಕಡೆಯಿಂದ "ಅಕ್ಕಾ, ಅಕ್ಕಾ" ಎಂದು ಗಾಬರಿಯಾಗುತ್ತೀಯ, ಈ ಕಡೆ ನಾನು ಉಸಿರಿಗೆ ಒದ್ದಾಡುತ್ತಿರುತ್ತೇನೆ. ಕಾಗದದಲ್ಲಾದರೆ ಕೆಮ್ಮು ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಬರೀ ಶೀತದಿಂದ. ಮೂಗು ಸೋರಿತು, ಗಂಟಲು ಕೆರೆಯಿತು. ತಾನಾಗಿ ಹೋಗುತ್ತದೆ ಎಂದು ಸುಮ್ಮನಿದ್ದೆ. ಶೀತವೇನೋ ಹೋಯಿತು, ಕೆಮ್ಮನ್ನು ನನಗೆ ಬಿಟ್ಟು ಹೋಯಿತು. ಈಗ ಗಂಟಲನ್ನು ತುರಿಮಣೆಗೆ ಹಾಕಿ ತುರಿದಂತಿದೆ, ಎಂಜಲು ನುಂಗಬೇಕಾದರೂ ಒಂದು ಕ್ಷಣ ಯೋಚಿಸುತ್ತೇನೆ. ಇದು ಅಪ್ಪ ಕೆಮ್ಮುತ್ತಿದ್ದ ಹಾಗೆ ಒಂದೆರಡು ಸಲ ಖೊಕ್ ಎಂದು ನಿಲ್ಲುವ ಕೆಮ್ಮಲ್ಲ. ಆರಾಮಾಗಿ ಕೂತಿರುತ್ತೇನೆ, ಎಲ್ಲಿಂದಲೋ ಬಂದು ಕುತ್ತಿಗೆ ಹಿಡಿದುಬಿಡುತ್ತದೆ. ಒಂದರ ಮೇಲೊಂದು, ಒಂದರ ಮೇಲೊಂದು, ನಡುವೆ ಉಸಿರೆಳೆದುಕೊಳ್ಳಲು ಜಾಗವೇ ಇಲ್ಲ. ಕಣ್ಣು ಕತ್ತಲಿಡುತ್ತದೆ. ಕೊನೆಗೆ ತಿಂದದ್ದೆಲ್ಲ ವಾಂತಿಯಾಗಿ ಅಲ್ಲಿಗೆ ಮುಗಿಯಿತು. ಮುಖ ತೊಳೆದುಕೊಂಡು ಬಂದರೆ ಏನೂ ಆಗದವಳ ಹಾಗಿರುತ್ತೇನೆ. ನೋಡಿದವರು ನಾಟಕ ಎನ್ನಬೇಕು.

ಕಾರಣ ಮಾತ್ರ ಒಬ್ಬೊಬ್ಬರಿಗೂ ಒಂದೊಂದು ಗೊತ್ತು. ನಮ್ಮ ಹಾಸಿಗೆ ಅಂಗಡಿಯ ಯಜಮಾನರು "ಹತ್ತಿ ದೂಳಮ್ಮ, ಇನ್ನೇನು? ಇಷ್ಟು ವರ್ಷ ಕುಡಿದದ್ದು ಈಗ ಲೆಕ್ಕ ಕೇಳ್ತಿದೆ" ಎಂದು ನನ್ನನ್ನು ಹತ್ತಿ ಹಿಂಜುವ ಯಂತ್ರದ ಹತ್ತಿರದಿಂದ ಎಬ್ಬಿಸಿ ಮುಂದಿನ ಮೇಜಿಗೆ ಕೂರಿಸಿದ್ದಾರೆ. ದಿಂಬಿನ ಗವಸು ಹೊಲಿಯುವುದಷ್ಟೇ ಈಗ ನನ್ನ ಕೆಲಸ. ನನ್ನ ಜೊತೆ ಹೊಲಿಯುವವಳು, ನಾವೆಲ್ಲ ಸೂಜಿ ಎಂದು ಕರೆಯುತ್ತೇವಲ್ಲ, ಅವಳ ಮೈಯೂ ಸೂಜಿ, ನಾಲಿಗೆಯೂ ಸೂಜಿ, "ಕೆಮ್ಮಿ ಕೆಮ್ಮಿ ಮುಂದಿನ ಕುರ್ಚಿ ಸಂಪಾದಿಸಿದೆ, ನಂಗೂ ಸ್ವಲ್ಪ ಹೇಳಿಕೊಡು" ಎನ್ನುತ್ತಾಳೆ. ಅಂದವಳೇ ಬಿಸಿನೀರಿನ ಲೋಟ ತಂದು ಮುಂದಿಡುತ್ತಾಳೆ. ನಿನ್ನ ಭಾವನ ಪ್ರಕಾರ ಫ್ಯಾನೇ ಕಾರಣ. ಬಸ್ಸಿನ ಇಂಜಿನ್ ಪಕ್ಕದಲ್ಲಿ ದಿನವೆಲ್ಲ ಬೆಂದು ಬಂದ ಮನುಷ್ಯ, ನನಗಾಗಿ ಫ್ಯಾನ್ ಆರಿಸಿಕೊಂಡು ಬೆವರಿನಲ್ಲಿ ನೆನೆಯುತ್ತ ಮಲಗುತ್ತಾರೆ. ಮೇಲಿನ ಮನೆಯ ಮೇಷ್ಟ್ರು ನನ್ನ ರಕ್ತದೊತ್ತಡದ ಮಾತ್ರೆಯ ಮೇಲೆ ಗುಮಾನಿ ಪಟ್ಟರು.

ಕೊನೆಗೆ ನಮ್ಮ ಬೀದಿಯ ಡಾಕ್ಟರ ಹತ್ತಿರ ಹೋದೆ. ಹಳೆಯ ಕಾಲದವರು, ಅವಸರವಿಲ್ಲ, ಎಲ್ಲ ಕೇಳಿದರು. ಎದೆಯ ಎಕ್ಸ್‌ರೇ ತೆಗೆಸಿದರು, ಸ್ವಚ್ಛವಾಗಿದೆಯಂತೆ. ಹೊಟ್ಟೆಯ ಹುಳಿ ಮೇಲಕ್ಕೇರಿ ಗಂಟಲು ಸುಡುತ್ತಿರಬಹುದು, ಮೂಗಿನ ನೀರು ಹಿಂದಿನಿಂದ ಗಂಟಲಿಗೆ ಇಳಿಯುತ್ತಿರಬಹುದು, ದೂಳು ಒಗ್ಗದೆ ಇರಬಹುದು, ಮೇಷ್ಟ್ರು ಹೇಳಿದ ಹಾಗೆ ಮಾತ್ರೆಯಿಂದಲೂ ಇರಬಹುದು ಎಂದರು. ಮಾತ್ರೆ ಬದಲಿಸಿದರು, ಹುಳಿಗೆ ಔಷಧಿ ಕೊಟ್ಟರು. ನಾನು ಮುಖ್ಯವಾಗಿ ಹೋಗಿದ್ದೇ ಒಂದು ಮಾತು ಕೇಳುವುದಕ್ಕೆ.

"ಡಾಕ್ಟ್ರೇ, ನನ್ನ ಮಗಳಿಗೆ ದಿನ ತುಂಬಿದೆ. ನಾನು ಹೋಗಿ ಮಗುವನ್ನ ಎತ್ತಿಕೋಬಹುದಾ?"

"ಧಾರಾಳವಾಗಿ ಎತ್ತಿಕೊಳ್ಳಿ. ಜ್ವರ ಇಲ್ಲ, ಕಫ ಇಲ್ಲ. ಇದು ಇನ್ನೊಬ್ಬರಿಗೆ ಅಂಟೋ ಕೆಮ್ಮಲ್ಲ" ಎಂದರು.

ಅಷ್ಟು ಕೇಳಿದ ಮೇಲೆ ಕೆಮ್ಮು ಇದ್ದರೆ ಇರಲಿ ಅನ್ನಿಸಿದೆ. ಆದರೂ ಪುಟ್ಟಿ, ತುಂಬ ಸೋತಿದ್ದೇನೆ. ಪಕ್ಕೆಲುಬು ನೋಯುತ್ತದೆ. ಒಂದೊಂದು ಸಲ ಉಸಿರು ವಾಪಸ್ಸು ಬರುವುದೇ ಇಲ್ಲವೇನೋ ಎಂದು ಭಯವಾಗುತ್ತದೆ. ಇದನ್ನು ನಿನ್ನ ಭಾವನಿಗೆ ಹೇಳಿಲ್ಲ, ನೀನೂ ಹೇಳಬೇಡ.

ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ ಅಕ್ಕ


ಫೆಬ್ರವರಿ ೩

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಟೋಪಿ, ಕಾಲುಚೀಲ ಬಂದು ಸೇರಿದವು. ಟೋಪಿಯೊಳಗೆ ನಮ್ಮ ಚೋಟಿಯಂಥವರು ಇಬ್ಬರು ಹಿಡಿಸುತ್ತಾರೆ. ಹೌದು, ಚೋಟಿ ಎಂದೇ ಕರೆಯುತ್ತಿದ್ದೇವೆ, ಇರುವುದೇ ಚೋಟುದ್ದ. ನಾನು ಹೆರಿಗೆಯ ಮಾರನೆಯ ದಿನವೇ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಇವರ ಜೊತೆಗೇ ಇಲ್ಲಿಗೆ, ಮಗಳ ಮನೆಗೆ, ಬಂದೆ. ಬಂದಾಗಿನಿಂದ ಕೈ ಬಿಡುವಿಲ್ಲ. ಅದಕ್ಕೇ ಬರೆಯಲು ತಡವಾಯಿತು.

ಕೂಸು ಯಾರ ಹಾಗಿದೆ ಎಂದು ಕೇಳಿದ್ದೀಯ. ಮೂಗು ಅಳಿಯಂದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಬ್ಬು ಗಂಟಿಕ್ಕುವುದು ನೋಡಿದರೆ ಥೇಟ್ ನಮ್ಮ ಅಮ್ಮ. ಹಾಲು ಕುಡಿಯುತ್ತ ಕುಡಿಯುತ್ತ ನಿಲ್ಲಿಸಿ, ಹುಬ್ಬು ಗಂಟಿಕ್ಕಿ, ನಮ್ಮನ್ನು ಒಂದು ಸಲ ವಿಚಾರಿಸಿಕೊಂಡು ಮತ್ತೆ ಕುಡಿಯುತ್ತದೆ. ಅಳಿಯ ಲಿಫ್ಟ್ ರಿಪೇರಿ ಮಾಡಿ ಮನೆಗೆ ಬಂದವನು ಮೊಳಕೈ ತನಕ ಸೋಪು ಹಾಕಿ ತೊಳೆದುಕೊಂಡು, ಮಗುವಿನ ಮುಂದೆ ಕೈಕಟ್ಟಿ ನಿಲ್ಲುತ್ತಾನೆ, ಎತ್ತಿಕೊಳ್ಳಲು ಹೆದರಿಕೆ. "ಅತ್ತೆ, ಇಪ್ಪತ್ತು ಜನ ಇರೋ ಲಿಫ್ಟನ್ನ ಹಗ್ಗದ ಮೇಲೆ ತೂಗಾಡಿಸ್ತೀನಿ, ಇದನ್ನ ಎತ್ತೋಕೆ ಕೈ ನಡುಗುತ್ತೆ" ಎನ್ನುತ್ತಾನೆ.

ಕೆಮ್ಮು ಹಾಗೇ ಇದೆ. ಹುಳಿಯ ಔಷಧಿಯಿಂದ ಏನೂ ಆಗಲಿಲ್ಲ, ಮಾತ್ರೆ ಬದಲಿಸಿದ್ದರಿಂದಲೂ ಆಗಲಿಲ್ಲ. ಹತ್ತಿಯಿಂದ ದೂರ ಇದ್ದರೂ ಕಡಿಮೆಯಾಗಿಲ್ಲ ಎಂದರೆ ಹತ್ತಿಯೂ ಅಲ್ಲ. ಕೆಮ್ಮು ಬಂತು ಎನ್ನುವಾಗ ಬಚ್ಚಲಿಗೆ ಓಡಿ, ನಲ್ಲಿ ಬಿಟ್ಟುಕೊಂಡು, ಗೋಡೆ ಹಿಡಿದು ಕೆಮ್ಮುತ್ತೇನೆ, ಬಾಣಂತಿಗೆ ನಿದ್ದೆ ಕೆಡಬಾರದು. ಡಾಕ್ಟರು ಅಂಟುವುದಿಲ್ಲ ಎಂದಿದ್ದರೂ ನನಗೇ ಸಮಾಧಾನವಿಲ್ಲದೆ ಬಂದ ದಿನ ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದೆ. ಮಗಳು ನಕ್ಕಿದ್ದೇ ನಕ್ಕಿದ್ದು. "ಅಮ್ಮ, ಬ್ಯಾಂಕ್ ದರೋಡೆಗೆ ಬಂದವಳ ಥರ ಕಾಣ್ತೀಯ. ಡಾಕ್ಟ್ರೇ ಏನಿಲ್ಲ ಅಂದಮೇಲೆ ನಿಂದೇನು? ತೆಗಿ ಅದನ್ನ. ನನ್ನ ಮಗಳು ಅಜ್ಜಿ ಮುಖ ನೋಡ್ಬೇಡ್ವಾ?" ಎಂದು ತಾನೇ ಗಂಟು ಬಿಚ್ಚಿದಳು. ನನಗೂ ಅದೇ ಬೇಕಿತ್ತು ಅನ್ನು. ಚೋಟಿಯ ನೆತ್ತಿಗೆ ಮೂಗಿಟ್ಟು ಕೂತರೆ ಎಲ್ಲಿಯ ಕೆಮ್ಮು, ಎಲ್ಲಿಯ ಗಂಟಲು.

ನಿನ್ನೆಯಿಂದ ಚೋಟಿಗೆ ಸ್ವಲ್ಪ ಮೂಗು ಕಟ್ಟಿದೆ. ಎರಡು ಸಲ ಸೀನಿದಳು, ಅಷ್ಟು ಸಣ್ಣ ಸೀನಿಗೆ ಇಡೀ ಮನೆ ಓಡಿಬಂತು. ಇವತ್ತು ಹಾಲು ಕುಡಿಯಲು ಸ್ವಲ್ಪ ಸೋಮಾರಿತನ ಮಾಡುತ್ತಿದ್ದಾಳೆ. ಹವೆ ಬದಲಾಯಿತಲ್ಲ, ಅದಕ್ಕಿರಬೇಕು.

ಎದ್ದಿದ್ದಾಳೆ, ಕರೆಯುತ್ತಿದ್ದಾಳೆ. ಉಳಿದದ್ದು ಆಮೇಲೆ. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ


ಅಕ್ಟೋಬರ್ ೨೭

ಪ್ರೀತಿಯ ಪುಟ್ಟಿ,

ನಿನ್ನ ಕಾಗದಗಳೆಲ್ಲ ಬಂದಿವೆ, ಒಂದಕ್ಕೂ ಉತ್ತರ ಬರೆಯಲಿಲ್ಲ. ಕ್ಷಮಿಸು ಎನ್ನಲೂ ಸಂಕೋಚವಾಗುತ್ತದೆ. ಫೆಬ್ರವರಿಯಲ್ಲಿ ನೀನು ಓಡಿಬಂದು ನನ್ನ ಪಕ್ಕ ಮಲಗಿ, ತಲೆ ಸವರಿ, "ಏನಾಯ್ತು ಹೇಳಕ್ಕ, ಹೇಳಿದರೆ ಹಗುರಾಗುತ್ತೆ" ಎಂದೆ. ನಾನು ಗೋಡೆಯ ಕಡೆ ತಿರುಗಿಕೊಂಡೆ. ನೀನು ಬೇಜಾರಿನಲ್ಲೇ ವಾಪಸ್ಸು ಹೋದೆ. ಅವತ್ತು ಹೇಳಲು ಬಾಯಿ ಬರಲಿಲ್ಲ. ಇವತ್ತು ಅಂಗಡಿಗೆ ರಜೆ, ನಿನ್ನ ಭಾವ ಡ್ಯೂಟಿಗೆ ಹೋಗಿದ್ದಾರೆ, ಮನೆಯಲ್ಲಿ ಒಬ್ಬಳೇ ಇದ್ದೇನೆ. ಹೇಳಿಬಿಡುತ್ತೇನೆ.

ಚೋಟಿಗೆ ಶೀತ ಎಂದು ಬರೆದಿದ್ದೆನಲ್ಲ. ಅವಳು ಹೆಚ್ಚು ಕೆಮ್ಮಲೂ ಇಲ್ಲ ಪುಟ್ಟಿ. ಕೆಮ್ಮಿದ್ದರೆ ನಾನು ಮೊದಲೇ ಎಚ್ಚೆತ್ತುಕೊಳ್ಳುತ್ತಿದ್ದೆನೇನೋ. ಸಣ್ಣಗೆ ಒಂದೆರಡು ಸಲ ಅಷ್ಟೆ, ಬೆಕ್ಕಿನ ಮರಿ ಕೆಮ್ಮಿದ ಹಾಗೆ. ಆಮೇಲೆ ಹಾಲು ಬೇಡವೆಂದಳು. ಒಂದು ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋಗಿದ್ದಳು, ಮಗು ನನ್ನ ತೊಡೆಯ ಮೇಲಿತ್ತು. ಕಿಟಕಿಯಿಂದ ಬಿಸಿಲು ಬರುತ್ತಿತ್ತು. ನಾನು ಅದಕ್ಕೆ ಏನೋ ಹೇಳುತ್ತಿದ್ದೆ, ಸುಮ್ಮನೆ ಅಜ್ಜಿಯರು ಹೇಳುವ ಹಾಗೆ. ನೋಡನೋಡುತ್ತ ತುಟಿಯ ಬಣ್ಣ ಬದಲಾಯಿತು. ನೀಲಿಯಾಯಿತು. ಎದೆ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಎತ್ತಿ ಬೆನ್ನು ತಟ್ಟಿದೆ, ಪಾದ ತಿಕ್ಕಿದೆ, ಕೂಗಿದೆ. ಮಗಳು ಒದ್ದೆ ಮೈಯಲ್ಲೇ ಓಡಿಬಂದಳು. ಅಷ್ಟರಲ್ಲಿ ಉಸಿರು ಬಂತು. ಬಂದಾಗ ಮಗು ಅಳಲಿಲ್ಲ, ಆಯಾಸದಿಂದ ಕಣ್ಣು ಬಿಟ್ಟಿತು. ಅಳಿಯ ಕೆಲಸ ಬಿಟ್ಟು ಬಂದ, ಅವನ ಕಂಪನಿಯ ವ್ಯಾನಿನಲ್ಲೇ ದೊಡ್ಡಾಸ್ಪತ್ರೆಗೆ ಹೋದೆವು. ದಾರಿಯಲ್ಲಿ ಮತ್ತೊಂದು ಸಲ ಹಾಗೇ ಆಯಿತು.

ಮಕ್ಕಳ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ, ಕೂದಲಿಗೆ ಪೆನ್ನು ಸಿಕ್ಕಿಸಿಕೊಂಡಿದ್ದಳು. ಮಗುವನ್ನೂ ಮಗಳನ್ನೂ ಅಳಿಯನನ್ನೂ ಒಳಗೆ ಕರೆದುಕೊಂಡು ಬಾಗಿಲು ಹಾಕಿದಳು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಅಲ್ಲಿ ನನಗೆ ಕೆಮ್ಮು ಬಂತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಕೆಮ್ಮಿ ಕೆಮ್ಮಿ, ಕೊನೆಯಲ್ಲಿ ಉಸಿರೆಳೆದುಕೊಂಡಾಗ ಗಂಟಲಿನಿಂದ ಕೂಗಿನಂಥ ಒಂದು ಸದ್ದು ಬಂತು. ಬಾಗಿಲು ತೆರೆಯಿತು. ಆ ಡಾಕ್ಟರು ಹೊಸ್ತಿಲಲ್ಲಿ ನಿಂತು ನಮ್ಮನ್ನೆಲ್ಲ, ಆ ಬೆಂಚಿನಲ್ಲಿದ್ದ ಎಲ್ಲರನ್ನೂ ನೋಡಿ, "ಯಾರು ಕೆಮ್ಮಿದ್ದು?" ಎಂದಳು.

"ನಾನು" ಎಂದೆ.

"ನೀವು ಮಗುವಿಗೆ ಏನಾಗಬೇಕು?"

"ಅಜ್ಜಿ."

"ಎಷ್ಟು ದಿನದಿಂದ ಇದೆ ಕೆಮ್ಮು?"

"ಹೋದ ತಿಂಗಳ ಮೊದಲಿಂದ."

"ಕೆಮ್ಮಿ ಮುಗಿದ ಮೇಲೆ ವಾಂತಿ ಆಗುತ್ತಾ? ನಡುವೆ ಉಸಿರು ತಗೊಳ್ಳೋಕೆ ಆಗಲ್ವಾ? ಕೆಮ್ಮು ಇಲ್ಲದಾಗ ಆರಾಮಾಗಿರ್ತೀರಾ?"

ನಮ್ಮ ಮನೆಯಲ್ಲೇ ಇದ್ದು ನೋಡಿದವಳ ಹಾಗೆ ಒಂದೊಂದನ್ನೇ ಕೇಳಿದಳು. ಪ್ರತಿಯೊಂದಕ್ಕೂ ಹೌದು ಹೌದು ಎಂದೆ. ಇಷ್ಟು ದಿನಕ್ಕೆ ನನ್ನ ಕೆಮ್ಮನ್ನು ಗುರುತಿಸುವವರೊಬ್ಬರು ಸಿಕ್ಕರಲ್ಲ ಎಂದು, ನಂಬುತ್ತೀಯಾ, ಒಂದು ಗಳಿಗೆ ನನಗೆ ಸಮಾಧಾನವೇ ಆಯಿತು. ಅವಳು ನನ್ನ ಪಕ್ಕ ಕೂತಳು. ದನಿ ತಗ್ಗಿಸಿ, "ಇದು ನಾಯಿಕೆಮ್ಮಿರಬೇಕು ಅಮ್ಮ. ಮಗುವಿಗೂ ಅದೇ ಅಂತ ಅನುಮಾನ" ಎಂದಳು.

"ಅದು ಮಕ್ಕಳಿಗೆ ಬರೋದಲ್ವಾ? ಚಿಕ್ಕಂದಿನಲ್ಲಿ ನಮಗೆಲ್ಲ ಚುಚ್ಚಿಸಿದ್ರಲ್ಲ?"

"ಚುಚ್ಚಿಸಿದ್ದರ ಬಲ ವರ್ಷ ಕಳೆದ ಹಾಗೆ ಹೋಗಿಬಿಡುತ್ತೆ. ದೊಡ್ಡವರಿಗೂ ಬರುತ್ತೆ. ದೊಡ್ಡವರಿಗಾದ್ರೆ ಬರೀ ಕೆಮ್ಮು, ಎರಡು ಮೂರು ತಿಂಗಳು ಕಾಡಿ ಹೋಗುತ್ತೆ. ಇಷ್ಟು ಚಿಕ್ಕವರಿಗೆ..." ಎಂದು ಅಲ್ಲಿಗೇ ನಿಲ್ಲಿಸಿದಳು. ಚೋಟಿಗೆ ಮೊದಲನೇ ಚುಚ್ಚುಮದ್ದು ಹಾಕಿಸುವಷ್ಟು ವಯಸ್ಸೇ ಆಗಿರಲಿಲ್ಲ.

ಬಾಗಿಲು ತೆರೆದೇ ಇತ್ತು. ಒಳಗಿನಿಂದ ಮಗಳು ನನ್ನನ್ನೇ ನೋಡುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ನಮಗೆಲ್ಲರಿಗೂ ಮಾತ್ರೆ ಕೊಟ್ಟರು. ಮಗಳು, ಅಳಿಯ ಮುಖ ಮುಚ್ಚಿಕೊಂಡು ಒಳಗಿರಬಹುದು, ಕೆಮ್ಮುತ್ತಿರುವ ನನ್ನನ್ನು ಮಾತ್ರೆ ಮುಗಿಯುವ ತನಕ ವಾರ್ಡಿನೊಳಗೆ ಬಿಡುವುದಿಲ್ಲ ಎಂದರು. ಸರಿಯಾದ ಮಾತೇ. ಅಲ್ಲಿ ಇನ್ನೂ ಎಷ್ಟೋ ಕೂಸುಗಳಿದ್ದವು. ವಾರ್ಡಿನ ಹಿಂದೆ ಬಟ್ಟೆ ಒಣಹಾಕುವ ಅಂಗಳವಿತ್ತು, ಅಲ್ಲಿಂದ ಕಿಟಕಿಯ ಗಾಜಿನಲ್ಲಿ ಮಗಳ ಬೆನ್ನು ಕಾಣುತ್ತಿತ್ತು, ಮಗು ಕಾಣುತ್ತಿರಲಿಲ್ಲ. ನಿನ್ನ ಭಾವ ಯೂನಿಫಾರ್ಮಿನಲ್ಲೇ ಬಂದು ನನ್ನ ಜೊತೆ ಆ ಬಿಸಿಲಲ್ಲಿ ನಿಂತಿರುತ್ತಿದ್ದರು. ನಾನು ಕೆಮ್ಮಿದರೆ ಬೆನ್ನಿಗೆ ಕೈ ಇಡುತ್ತಿದ್ದರು. ಒಂದು ಸಲ ಆ ಕೈಯನ್ನು ತಳ್ಳಿಬಿಟ್ಟೆ. ನನ್ನ ಕೆಮ್ಮಿಗೆ ಯಾರೂ ಮರುಗುವುದು ನನಗೆ ಬೇಡವಾಗಿತ್ತು.

ಮಾತ್ರೆ ಇನ್ನೂ ಮುಗಿದಿರಲಿಲ್ಲ. ಮಧ್ಯಾಹ್ನದ ಹೊತ್ತು ಅಳಿಯ ಅಂಗಳಕ್ಕೆ ಬಂದ. ಮುಖಕ್ಕೆ ಕಟ್ಟಿದ್ದ ಬಟ್ಟೆ ಕತ್ತಿನಲ್ಲಿ ಜೋತಾಡುತ್ತಿತ್ತು. "ಅತ್ತೆ, ಬನ್ನಿ" ಎಂದ. "ಈಗ ನೀವು ಒಳಗೆ ಬರಬಹುದಂತೆ."

ನಾನೆಂಥ ಪೆದ್ದಿ ನೋಡು. ಮಗು ಚೇತರಿಸಿಕೊಂಡಿತು, ಅದಕ್ಕೇ ಕರೆಯುತ್ತಿದ್ದಾನೆ ಎಂದುಕೊಂಡು ಸೆರಗಿನಿಂದ ಮುಖ ಒರೆಸಿಕೊಂಡೆ. ಕೂದಲು ಸರಿ ಮಾಡಿಕೊಂಡೆ. ಬೇಗ ಬೇಗ ನಡೆದೆ. ಚೋಟಿಯನ್ನು ಪಕ್ಕದ ಬೇರೆ ಕೋಣೆಗೆ ತಂದಿದ್ದರು. ಕೊಳವೆಗಳನ್ನೆಲ್ಲ ತೆಗೆದಿದ್ದರು, ಕೆನ್ನೆಯ ಮೇಲೆ ಅಂಟುಪಟ್ಟಿಯ ಗುರುತು ಮಾತ್ರ ಇತ್ತು. ಹುಬ್ಬು ಗಂಟಿಕ್ಕಿರಲಿಲ್ಲ. ಈಗ ಎತ್ತಿಕೊಳ್ಳಿ ಎಂದು ಆ ಡಾಕ್ಟರೇ ನನ್ನ ಕೈಗೆ ಕೊಟ್ಟಳು. ಆಗಲೂ ಕೆಮ್ಮು ಬಂತು, ಪುಟ್ಟಿ. ಮಗುವನ್ನು ಎದೆಗೆ ಹಿಡಿದುಕೊಂಡು ಮುಖ ಆಚೆ ತಿರುಗಿಸಿ ಕೆಮ್ಮಿದೆ. ಇನ್ನು ಆಚೆ ತಿರುಗಿಸಿ ಏನು ಉಪಯೋಗ? ಆದರೂ ತಿರುಗಿಸಿದೆ.

ಆಮೇಲಿನದು ನಿನಗೆ ಗೊತ್ತಿದೆ. ನೀನು ಬಂದೆ, ಹೋದೆ. ನೀನು ಹೋದ ಮೇಲೂ ನಾನು ಕೆಲವು ದಿನ ಮಗಳ ಮನೆಯಲ್ಲೇ ಇದ್ದೆ. ಅವಳಿಗೆ ಎದೆಯಲ್ಲಿ ಹಾಲು ಕಟ್ಟಿಕೊಂಡು ಜ್ವರ ಬಂದಿತ್ತು. ನೋಡಿಕೊಳ್ಳಲು ಬೇರೆ ಯಾರಿದ್ದರು? ನಾನು ಕೆಮ್ಮಿದರೆ ಅವಳು ಎದ್ದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ದಡಾರನೆ ಅಲ್ಲ, ಸದ್ದಾಗದ ಹಾಗೆ, ನನಗೆ ನೋವಾಗಬಾರದೆಂದು. ಅವಳು ಬಾಗಿಲನ್ನು ದಡಾರೆಂದು ಹಾಕಿ, ಕೂಗಾಡಿ, ಹೊರಗೆ ಹೋಗು ಎಂದಿದ್ದರೆ ಚೆನ್ನಾಗಿತ್ತು. ಒಂದು ದಿನ ನಾನೇ, "ಏನಾದ್ರೂ ಅನ್ನು, ಮಗಳೇ" ಎಂದೆ. "ನಿನ್ನ ತಪ್ಪು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲಮ್ಮ" ಎಂದಳು. ಹತ್ತಿರ ಹೋಗಿ ಕೈ ಹಿಡಿದುಕೊಳ್ಳಲು ಹೋದೆ. ಅವಳಿಗೆ ಗೊತ್ತಿಲ್ಲದ ಹಾಗೆ ಅವಳ ಕಾಲು ಒಂದು ಹೆಜ್ಜೆ ಹಿಂದೆ ಹೋಯಿತು. ಇಬ್ಬರೂ ಅದನ್ನು ನೋಡಿದೆವು. ಮಾರನೆಯ ದಿನ ನನ್ನ ಬಟ್ಟೆ ಚೀಲಕ್ಕೆ ತುಂಬಿಕೊಂಡು ಬಂದುಬಿಟ್ಟೆ.

ಚೋಟಿಯ ಮೂಗಿನ ದ್ರವ ತೆಗೆದು ಪರೀಕ್ಷಿಸಿದ್ದರಲ್ಲಿ ನಾಯಿಕೆಮ್ಮೇ ಎಂದು ಖಾತ್ರಿಯಾಯಿತು. ನನ್ನದನ್ನೂ ನೋಡಿದರು, ಏನೂ ಸಿಗಲಿಲ್ಲ. ಅಷ್ಟು ದಿನ ಕಳೆದ ಮೇಲೆ ಸಿಗುವುದು ಕಷ್ಟವಂತೆ, ಯಾರಿಂದ ಬಂತೆಂದು ಖಚಿತವಾಗಿ ಹೇಳಲಾಗದಂತೆ. ನಿನ್ನ ಭಾವ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. "ನಿನ್ನಿಂದಲೇ ಅಂತ ಯಾರು ಬರೆದುಕೊಟ್ಟಿದ್ದಾರೆ? ಹೆರಿಗೆ ವಾರ್ಡಲ್ಲಿ ಎಷ್ಟು ಜನ ಓಡಾಡಿದ್ರು!" ಎನ್ನುತ್ತಾರೆ. ನಾನೂ ಒಂದಷ್ಟು ದಿನ ಹಿಡಿದುಕೊಂಡಿದ್ದೆ. ಹೆರಿಗೆ ವಾರ್ಡಿನಲ್ಲಿ ಕಂಡ ಒಬ್ಬೊಬ್ಬರನ್ನೂ ನೆನೆಸಿಕೊಂಡು, ಈಕೆ ಕೆಮ್ಮಿದ್ದಳೇ, ಆತ ಕೆಮ್ಮಿದ್ದನೇ ಎಂದು ಹುಡುಕಿದೆ. ಕೆಮ್ಮಿದವಳು ಒಬ್ಬಳೇ ಸಿಕ್ಕಳು.

ನಮ್ಮ ಬೀದಿಯ ಡಾಕ್ಟರು ಸುದ್ದಿ ಕೇಳಿ ಮನೆಗೇ ಬಂದರು. ಯಾರ ಮನೆಗೂ ಹೋಗುವವರಲ್ಲ. ಚಹಾ ಕೊಟ್ಟೆ, ಮುಟ್ಟಲಿಲ್ಲ. "ನೀವು ಕೇಳಿದ್ರಿ. ಎತ್ತಿಕೋಬಹುದಾ ಅಂತ ಕೇಳಿದ್ರಿ. ಈ ವಯಸ್ಸಿನವರಲ್ಲಿ ನನಗೆ ಅದು ಹೊಳೀಲೇ ಇಲ್ಲಮ್ಮ" ಎಂದರು. ಅವರ ಮೇಲೆ ಕೂಗಾಡೋಣವೆಂದು ಎಷ್ಟೋ ದಿನದಿಂದ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಹೋಗುವಾಗ ಆ ಮುದುಕರನ್ನು ಕೈಹಿಡಿದು ಮೆಟ್ಟಿಲು ಇಳಿಸಿ ಬಂದೆ. ಆಮೇಲೆ ಅವರು ಕ್ಲಿನಿಕ್ಕು ತೆರೆಯುವುದನ್ನು ಕಡಿಮೆ ಮಾಡಿದ್ದಾರೆ.

ಮಗಳು ನಕ್ಕು ಬಟ್ಟೆಯ ಗಂಟು ಬಿಚ್ಚಿದ್ದನ್ನು ನಿನಗೆ ಬರೆದಿದ್ದೆ. ಅದನ್ನು ಇನ್ನು ಯಾರಿಗೂ ಹೇಳಿಲ್ಲ, ನಿನ್ನ ಭಾವನಿಗೂ ಇಲ್ಲ. ಅವಳಿಗೆ ಅದು ನೆನಪಿದೆಯೋ ಇಲ್ಲವೋ ನನಗೆ ತಿಳಿಯದು. ನೆನಪಿಲ್ಲದಿದ್ದರೆ ಸಾಕು. ನೀನು ಯಾವತ್ತೂ, ಮಾತಿಗೂ, ಅವಳ ಮುಂದೆ ಅದನ್ನು ಎತ್ತಬೇಡ. ಎಲ್ಲವೂ ನನ್ನಿಂದ ಎಂದೇ ಇರಲಿ. ನನಗೆ ವಯಸ್ಸಾಗಿದೆ, ಹೊತ್ತುಕೊಂಡು ಹೋಗುತ್ತೇನೆ. ಅವಳು ಇನ್ನೂ ಬದುಕಬೇಕಾದವಳು.

ಕೆಮ್ಮು ಮೇ ತಿಂಗಳ ತನಕ ಇತ್ತು. ನಾನು ಕೆಮ್ಮಲು ಶುರು ಮಾಡಿದರೆ ನಿನ್ನ ಭಾವ ಟಿವಿಯ ಸದ್ದು ಜೋರು ಮಾಡುತ್ತಿದ್ದರು, ನನಗೆ ನಾಚಿಕೆಯಾಗಬಾರದೆಂದು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಬೀದಿಯಲ್ಲಿ, ಯಾರ ಮಡಿಲಲ್ಲಾದರೂ ಕೂಸು ಕಂಡರೆ ಇಳಿದುಬಿಡುತ್ತಿದ್ದೆ, ದಾಟಿಬಿಡುತ್ತಿದ್ದೆ. ಆಮೇಲೆ ಒಂದು ದಿನ ಗಮನಿಸಿದರೆ ಕೆಮ್ಮು ಇರಲಿಲ್ಲ. ಯಾವಾಗ ನಿಂತಿತೋ ಗೊತ್ತಿಲ್ಲ. ಗಂಟಲೂ ನೋಯುತ್ತಿರಲಿಲ್ಲ. ಅಷ್ಟೊಂದು ಔಷಧಿಗೆ ಬಗ್ಗದ್ದು ತಾನಾಗಿಯೇ ಎದ್ದು ಹೋಯಿತು. ಅವತ್ತು ಅತ್ತಷ್ಟು ನಾನು ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ.

ಈಗ ಅಂಗಡಿಗೆ ಹೋಗುತ್ತೇನೆ. ಮತ್ತೆ ಹಿಂದಿನ ಕೋಣೆಗೇ ಹಾಕಿ ಎಂದು ಕೇಳಿಕೊಂಡೆ. ಯಂತ್ರದ ಗದ್ದಲದಲ್ಲಿ ಯಾರೂ ಮಾತಾಡಿಸುವುದಿಲ್ಲ. ತೊಟ್ಟಿಲ ಹಾಸಿಗೆಯ ಕೆಲಸ ಬಂದರೆ ಸೂಜಿ ಏನೂ ಹೇಳದೆ ತಾನೇ ಎತ್ತಿಕೊಂಡು ಹೋಗುತ್ತಾಳೆ. ಈಗ ನನ್ನ ಹತ್ತಿರ ತಮಾಷೆ ಮಾಡುವುದಿಲ್ಲ. ಅವಳ ನಾಲಿಗೆಯನ್ನೂ ಮೊಂಡು ಮಾಡಿಬಿಟ್ಟೆ ನೋಡು. ಮಗಳು ಅಪರೂಪಕ್ಕೆ ಬಂದು ಅಪ್ಪನ ಹತ್ತಿರ ಕೂತು, ನನ್ನನ್ನು "ಚೆನ್ನಾಗಿದ್ದೀಯಾ?" ಎಂದು ಕೇಳಿ ಹೋಗುತ್ತಿದ್ದಳು. ಈಚೆಗೆ ಕೆಲಸ ಜಾಸ್ತಿ ಎಂದು ಬರುವುದನ್ನೂ ಬಿಟ್ಟಿದ್ದಾಳೆ.

ನಿನ್ನ ದೊಡ್ಡವನಿಗೆ ಪರೀಕ್ಷೆ ಹತ್ತಿರ ಬಂದಿರಬೇಕು. ಚೆನ್ನಾಗಿ ಓದಲಿ. ಚಿಕ್ಕವನ ಹಲ್ಲು ನೋವು ಹೇಗಿದೆ? ನಿನ್ನ ಮನೆ ತುಂಬಿರಲಿ ಪುಟ್ಟಿ, ನಿನ್ನ ಮಕ್ಕಳು ನೂರು ಕಾಲ ಬಾಳಲಿ. ದೂರದಿಂದಲೇ ಹರಸುತ್ತಿದ್ದೇನೆ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಕೂತಿದ್ದೆ. ಹೋದ ವಾರ ಅಳಿಯನ ಜೊತೆ ಕೆಲಸ ಮಾಡುವವನೊಬ್ಬ ದಿಂಬು ಕೊಳ್ಳಲು ಅಂಗಡಿಗೆ ಬಂದಿದ್ದ. ಯಜಮಾನರು ಊಟಕ್ಕೆ ಹೋಗಿದ್ದರು, ಮುಂದೆ ನಾನಿದ್ದೆ. ನನ್ನ ಗುರುತು ಹಿಡಿದು, "ಸಂತೋಷ ಆಯ್ತಮ್ಮ. ಈ ಸಲ ಎಲ್ಲ ಒಳ್ಳೇದಾಗುತ್ತೆ ನೋಡಿ. ಐದು ತಿಂಗಳಲ್ವಾ ಈಗ?" ಎಂದ. "ಹೌದಪ್ಪ, ಐದು" ಎಂದೆ. ದಿಂಬು ಸುತ್ತಿ ಕೊಟ್ಟೆ. ಮನೆಗೆ ಬಂದು ನಿನ್ನ ಭಾವನನ್ನು ಕೇಳಿದರೆ ತಲೆ ತಗ್ಗಿಸಿದರು. ಅವರಿಗೆ ಮೊದಲಿನಿಂದಲೂ ಗೊತ್ತಂತೆ. "ಅಮ್ಮನಿಗೆ ಹೇಳ್ಬೇಡಪ್ಪ. ಗೊತ್ತಾದ್ರೆ ನೋಡಿಕೊಳ್ಳೋಕೆ ಬಂದುಬಿಡ್ತಾಳೆ" ಎಂದಳಂತೆ. ನಾನು ಹೋಗುವುದಿಲ್ಲ. ಅವಳಾಗಿ ಹೇಳುವ ತನಕ ನನಗೆ ಗೊತ್ತೂ ಇಲ್ಲ. ಅವಳು ಫೋನಿನಲ್ಲಿ ನಿನ್ನ ಹತ್ತಿರ ಎಲ್ಲವನ್ನೂ ಹೇಳಿಕೊಳ್ಳುತ್ತಾಳೆ. ನಿನಗೂ ಗೊತ್ತಿತ್ತೇ ಪುಟ್ಟಿ? ಗೊತ್ತಿದ್ದರೆ ಉತ್ತರದಲ್ಲಿ ಅದನ್ನು ಬರೆಯಬೇಡ.